ಪಿಎಚ್‌ಪಿಗೆ ಅಂಟಿದ ಕೆಟ್ಟ ಹೆಸರು



ವೆಬ್‌ಸೈಟ್ ಕಟ್ಟುವ ಕೆಲಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ ಎಂದು. ಪಿಎಚ್‌ಪಿಯ ಹೆಸರೆತ್ತಿದರೆ ಸಾಕು, ಮುಖ ಸಪ್ಪಗಾಗುತ್ತದೆ. ‘ಸಾರ್, ಅದು ತುಂಬಾ ಹಳೇದಲ್ವಾ? ಅದರಲ್ಲಿ ಸೆಕ್ಯೂರಿಟಿ ಇಲ್ಲ ಅಂತಾರೆ. ಅದನ್ನ ಕಲಿತವರಿಗೆ ಒಳ್ಳೆ ಕಂಪನಿಗಳಲ್ಲಿ ಬೆಲೆ ಇಲ್ಲ ಅಂತಾರೆ.’ ಹೀಗೆ ಹೇಳುವವರಲ್ಲಿ ಬಹಳ ಮಂದಿ ಆ ಭಾಷೆಯಲ್ಲಿ ಒಂದು ಸಾಲನ್ನೂ ಬರೆದವರಲ್ಲ. ಅದರ ಹೆಸರು ಕೆಟ್ಟಿದೆ ಎಂಬುದು ಮಾತ್ರ ಅವರ ಕಿವಿಗೆ ಬಿದ್ದಿರುತ್ತದೆ. ಈ ಕೆಟ್ಟ ಹೆಸರು ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು, ಇವತ್ತಿಗೂ ಅದು ಸಲ್ಲುತ್ತದೆಯೇ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕಂಪ್ಯೂಟರ್ ಕೆಲಸದವರಲ್ಲದ ಕೇಳುಗರಿಗೂ ಇದು ಸಂಬಂಧವಿಲ್ಲದ ಮಾತೇನಲ್ಲ. ಮಕ್ಕಳ ಶಾಲೆಯ ಕೆಲಸಕ್ಕೆಂದು ನೀವು ಕನ್ನಡ ವಿಕಿಪೀಡಿಯ ತೆರೆದಾಗ ಅದರ ಹಿಂದೆ ದುಡಿಯುವುದು ಪಿಎಚ್‌ಪಿ. ಊರಿನ ಸಂಘ, ಮಠ, ಶಾಲೆ, ಚಿಕ್ಕ ಪತ್ರಿಕೆ ಇವುಗಳ ವೆಬ್‌ಸೈಟುಗಳಲ್ಲಿ ಹಲವು ನಿಂತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. ಆ ವರ್ಡ್‌ಪ್ರೆಸ್ಸೂ ಪಿಎಚ್‌ಪಿಯಲ್ಲೇ ಬರೆದದ್ದು. ಕಾಲೇಜುಗಳು ಪಾಠಕ್ಕೆ ಬಳಸುವ ಮೂಡಲ್ ಕೂಡ ಹಾಗೆಯೇ. ಸರ್ವರಿನಲ್ಲಿ ಯಾವ ಭಾಷೆ ಓಡುತ್ತಿದೆ ಎಂದು ಹೊರಗಿನಿಂದ ಗುರುತಿಸಬಹುದಾದ ವೆಬ್‌ಸೈಟುಗಳನ್ನು ಲೆಕ್ಕ ಹಾಕಿದರೆ, ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಿಎಚ್‌ಪಿಯವು. ಇಷ್ಟು ಬಳಕೆಯಲ್ಲಿರುವ ಭಾಷೆಗೆ ಇಷ್ಟು ಅಪಖ್ಯಾತಿ ಏಕೆ?

ಅದು ಹುಟ್ಟಿದ ರೀತಿಯಲ್ಲೇ ಅರ್ಧ ಉತ್ತರವಿದೆ. ಅದನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಓದಿದವರು. 1994ರಲ್ಲಿ ಅವರು ತಮ್ಮ ಬಯೋಡೇಟಾವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಅದನ್ನು ಯಾರು ಯಾರು ನೋಡುತ್ತಿದ್ದಾರೆ ಎಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಚಿಕ್ಕ ಪ್ರೋಗ್ರಾಮುಗಳನ್ನು ಬರೆದುಕೊಂಡರು. 1995ರ ಜೂನ್ 8ರಂದು ಅವನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತೇನೆಂದು ಅವರು ಹೊರಟವರೇ ಅಲ್ಲ. ತಮ್ಮ ಕೆಲಸಕ್ಕೆ ಬೇಕಾದದ್ದನ್ನು ಮಾಡಿಕೊಂಡರು. ಬೇರೆಯವರು ಕೇಳಿದ್ದನ್ನು ಸೇರಿಸುತ್ತಾ ಹೋದರು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಬ್ಬರು ವಿದ್ಯಾರ್ಥಿಗಳು, ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್‌ಮನ್ಸ್, ಇದನ್ನು ಬುಡದಿಂದ ತಿದ್ದಿ ಬರೆದು, 1998ರಲ್ಲಿ ಅದು ಮೂರನೆಯ ಆವೃತ್ತಿಯಾಗಿ ಬರುವ ಹೊತ್ತಿಗೆ ಜಗತ್ತಿನ ಸಾವಿರಾರು ಜನ ಹಳೆಯದನ್ನೇ ಬಳಸುತ್ತಿದ್ದರು. ಬಳಕೆಯಲ್ಲಿರುವುದನ್ನು ಕೆಡಿಸುವಂತಿರಲಿಲ್ಲ. ಹಾಗಾಗಿ ಹಳೆಯ ಕೊಂಕುಗಳಲ್ಲಿ ಹಲವು ಹೊಸದರಲ್ಲೂ ಉಳಿದವು.

ಎಂಥ ಕೊಂಕುಗಳು? ಒಂದು ಉದಾಹರಣೆ ಕೊಡುತ್ತೇನೆ. ಭಾಷೆಯೊಂದರಲ್ಲಿ ಸಿದ್ಧವಾಗಿ ಸಿಗುವ ಫಂಕ್ಷನ್‌ಗಳು ನೂರಾರು ಇರುತ್ತವೆ. ಕೋಡ್ ಓಡುವಾಗ ಹೆಸರು ಹಿಡಿದು ಫಂಕ್ಷನ್ನನ್ನು ಬೇಗ ಹುಡುಕಬೇಕು. ಪಿಎಚ್‌ಪಿಯ ಮೊದಮೊದಲ ದಿನಗಳಲ್ಲಿ ಈ ಹುಡುಕಾಟಕ್ಕಾಗಿ ಹೆಸರುಗಳನ್ನು ಅವುಗಳ ಉದ್ದದ ಮೇಲೆ ಗುಂಪು ಮಾಡಿದ್ದರು. ನಾಲ್ಕಕ್ಷರದವು ಒಂದು ಕಡೆ, ಐದಕ್ಷರದವು ಇನ್ನೊಂದು ಕಡೆ, ಹೀಗೆ. ಒಂದೇ ಉದ್ದದ ಹೆಸರುಗಳು ಜಾಸ್ತಿಯಾದರೆ ಆ ಗುಂಪಿನಲ್ಲಿ ಹುಡುಕಾಟ ನಿಧಾನ. ಅದಕ್ಕಾಗಿ ಬೇರೆ ಬೇರೆ ಉದ್ದದ ಹೆಸರುಗಳನ್ನೇ ಆರಿಸಿ ಇಟ್ಟರು. ಎಚ್‌ಟಿಎಂಎಲ್‌ಸ್ಪೆಷಲ್‌ಕ್ಯಾರ್ಸ್ ಎಂಬ ಉದ್ದನೆಯ ಹೆಸರು ಬಂದ ಬಗೆ ಇದು. ರಾಸ್ಮಸ್ ಅವರೇ ಇದನ್ನು ಮುಂದೆ ವಿವರಿಸಿದ್ದಾರೆ. ಆ ಹುಡುಕುವ ವಿಧಾನ ಎಂದೋ ಹೋಯಿತು, ಹೆಸರು ಮಾತ್ರ ಇವತ್ತಿಗೂ ಇದೆ. ಇನ್ನು, ಪಟ್ಟಿಯೊಂದರಲ್ಲಿ ಏನನ್ನಾದರೂ ಹುಡುಕುವ ಫಂಕ್ಷನ್ನಿಗೆ, ಹುಡುಕಬೇಕಾದ್ದನ್ನು ಮೊದಲು ಹೇಳಿ ಪಟ್ಟಿಯನ್ನು ಆಮೇಲೆ ಕೊಡಬೇಕು. ವಾಕ್ಯವೊಂದರಲ್ಲಿ ಪದ ಹುಡುಕುವ ಫಂಕ್ಷನ್ನಿಗೆ ವಾಕ್ಯ ಮೊದಲು, ಪದ ಆಮೇಲೆ. ಇಪ್ಪತ್ತು ವರ್ಷ ಬಳಸಿದವರೂ ಇಲ್ಲಿ ಕೈಪಿಡಿ ತೆರೆದು ನೋಡಿಯೇ ಬರೆಯುತ್ತಾರೆ.

ಇವು ಕಿರಿಕಿರಿಗಳು, ಅಪಾಯವೇನಿಲ್ಲ. ಅಪಾಯಕಾರಿಯಾದ ತಪ್ಪುಗಳೂ ಇದ್ದವು. ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಒಂದು ವ್ಯವಸ್ಥೆಯಿತ್ತು. ಬ್ರೌಸರಿನ ವಿಳಾಸದ ಕೊನೆಗೆ ನೀವು ಏನನ್ನು ಸೇರಿಸಿದರೂ ಅದು ನೇರವಾಗಿ ಪ್ರೋಗ್ರಾಮಿನ ಒಳಗಿನ ವೇರಿಯಬಲ್ ಆಗಿಬಿಡುತ್ತಿತ್ತು. ಲಾಗಿನ್ ಆದವರು ಅಡ್ಮಿನ್ ಹೌದೋ ಅಲ್ಲವೋ ಎಂಬುದನ್ನು ‘ಅಡ್ಮಿನ್’ ಎಂಬ ವೇರಿಯಬಲ್ಲಿನಲ್ಲಿ ಪ್ರೋಗ್ರಾಮರ್ ಇಟ್ಟುಕೊಂಡಿದ್ದಾನೆ, ಆದರೆ ಅದಕ್ಕೆ ಮೊದಲ ಬೆಲೆ ಕೊಡಲು ಮರೆತಿದ್ದಾನೆ ಎಂದುಕೊಳ್ಳಿ. ಹೊರಗಿನವನೊಬ್ಬ ವಿಳಾಸದ ಕೊನೆಗೆ ‘ಅಡ್ಮಿನ್ ಸಮ ಒಂದು’ ಎಂದು ಟೈಪ್ ಮಾಡಿದರೆ ಬಾಗಿಲು ತೆರೆದೇ ತೆರೆಯಿತು. 2002ರ ಏಪ್ರಿಲ್‌ನಲ್ಲಿ ಬಂದ 4.2ನೆಯ ಆವೃತ್ತಿಯವರೆಗೆ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತಿತ್ತು. ಆಮೇಲೆ, ಬೇಕಾದವರು ಮಾತ್ರ ಚಾಲೂ ಮಾಡಿಕೊಳ್ಳಲಿ ಎಂದರು. ಪೂರ್ತಿ ಕಿತ್ತು ಹಾಕಿದ್ದು 2012ರಲ್ಲಿ, 5.4ರಲ್ಲಿ. ಇಂಥದ್ದನ್ನು ಭಾಷೆಯ ಒಳಗೇ ಇಟ್ಟದ್ದು ತಪ್ಪು. ಅದನ್ನು ತೆಗೆಯಲು ಅಷ್ಟು ವರ್ಷ ತೆಗೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಪಿಎಚ್‌ಪಿಯನ್ನು ಮೆಚ್ಚುವವರೂ ಇದನ್ನು ಒಪ್ಪಲೇಬೇಕು.

ಹೋಲಿಕೆಯ ವಿಚಾರವೂ ಅಷ್ಟೇ. ಸೊನ್ನೆಯೂ ‘ಮೈಸೂರು’ ಎಂಬ ಪದವೂ ಸಮವೇ ಎಂದು ಹಳೆಯ ಪಿಎಚ್‌ಪಿಯನ್ನು ಕೇಳಿದರೆ ಹೌದು ಎನ್ನುತ್ತಿತ್ತು. ಪದವನ್ನು ಅಂಕಿಯಾಗಿ ಬದಲಾಯಿಸಿ ನೋಡುತ್ತಿತ್ತು. ಅದರಲ್ಲಿ ಅಂಕಿ ಕಾಣದಿದ್ದರೆ ಸೊನ್ನೆ ಎಂದುಕೊಳ್ಳುತ್ತಿತ್ತು. ಮೂರು ಸಮ ಚಿಹ್ನೆ ಹಾಕಿ ಕೇಳಿದರೆ ಸರಿಯಾದ ಉತ್ತರ ಸಿಗುತ್ತಿತ್ತು ನಿಜ. ಆದರೆ ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಇದು ಸರಿಹೋದದ್ದು 2020ರ ನವೆಂಬರ್‌ನಲ್ಲಿ, ಎಂಟನೆಯ ಆವೃತ್ತಿಯಲ್ಲಿ.

ಹೀಗಿರುವಾಗ ಪಿಎಚ್‌ಪಿಗೆ ಕೆಟ್ಟ ಹೆಸರು ಸುಮ್ಮನೆ ಬರಲಿಲ್ಲ. ಅದು ಗಳಿಸಿಕೊಂಡದ್ದೇ. ಆದರೆ ಆ ಹೆಸರಿನ ಇನ್ನೊಂದು ದೊಡ್ಡ ಪಾಲು ಭಾಷೆಯದಲ್ಲ; ಅದನ್ನು ಕಲಿಸಿದವರದು, ಮತ್ತು ಕಟ್ಟಿ ಕೈಬಿಟ್ಟವರದು. ಇದನ್ನು ನಾನು ಗಟ್ಟಿಯಾಗಿ ಹೇಳಬಯಸುತ್ತೇನೆ.

ಕಲಿಸುವುದನ್ನೇ ನೋಡಿ. ತರಬೇತಿ ಕೇಂದ್ರಗಳಲ್ಲಿ ಮೊದಲ ವಾರವೇ ಲಾಗಿನ್ ಪುಟ ಮಾಡಿಸುತ್ತಾರೆ. ಬಳಕೆದಾರ ಟೈಪ್ ಮಾಡಿದ ಹೆಸರನ್ನು ಹಾಗೇ ಎತ್ತಿ ಡೇಟಾಬೇಸಿನ ಪ್ರಶ್ನೆಯ ನಡುವೆ ಅಂಟಿಸುವುದು ಅಲ್ಲಿ ಹೇಳಿಕೊಡುವ ದಾರಿ. ‘ಹೆಸರು ಇಂಥದ್ದಿರುವ ವಿದ್ಯಾರ್ಥಿಯ ದಾಖಲೆ ಕೊಡು’ ಎಂಬುದು ಪ್ರಶ್ನೆ. ಹೆಸರಿನ ಜಾಗದಲ್ಲಿ ಒಬ್ಬ ಒಂದು ಉದ್ಧರಣ ಚಿಹ್ನೆ ಹಾಕಿ, ‘ಅಥವಾ ಒಂದು ಒಂದಕ್ಕೆ ಸಮವಿದ್ದರೆ’ ಎಂಬ ಷರತ್ತನ್ನು ಸೇರಿಸುತ್ತಾನೆ. ಒಂದು ಒಂದಕ್ಕೆ ಯಾವಾಗಲೂ ಸಮ. ಡೇಟಾಬೇಸ್ ಎಲ್ಲ ವಿದ್ಯಾರ್ಥಿಗಳ ದಾಖಲೆಯನ್ನೂ ಎತ್ತಿ ಕೊಡುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕರೆಯುವ ಈ ಕಳ್ಳದಾರಿ ಜಾವಾದಲ್ಲೂ ಪೈಥಾನ್‌ನಲ್ಲೂ ಹೀಗೆ ಅಂಟಿಸಿ ಬರೆದವರಿಗೆ ತೆರೆದುಕೊಳ್ಳುತ್ತದೆ. ಇದಕ್ಕೆ ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್: ಪ್ರಶ್ನೆಯನ್ನೂ ಬಳಕೆದಾರ ಕೊಟ್ಟ ಮಾಹಿತಿಯನ್ನೂ ಬೇರೆ ಬೇರೆಯಾಗಿಯೇ ಡೇಟಾಬೇಸಿಗೆ ಕಳಿಸುವುದು. ಪಿಎಚ್‌ಪಿಯಲ್ಲಿ ಅದಕ್ಕೆಂದೇ ಪಿಡಿಒ ಎಂಬ ಸೌಲಭ್ಯ 2005ರಲ್ಲೇ, 5.1ನೆಯ ಆವೃತ್ತಿಯೊಡನೆ ಬಂತು. ಹಳೆಯ ಡೇಟಾಬೇಸ್ ಫಂಕ್ಷನ್‌ಗಳನ್ನು 2015ರಲ್ಲಿ ಏಳನೆಯ ಆವೃತ್ತಿಯಿಂದ ಕಿತ್ತೇ ಹಾಕಿದರು. ಅದಾದ ಮೇಲೂ ಅವನ್ನೇ ಪಾಠ ಹೇಳುತ್ತಿದ್ದ ನೋಟ್ಸ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಾಸ್‌ವರ್ಡನ್ನು ಸುರಕ್ಷಿತವಾಗಿ ಇಡುವ ಫಂಕ್ಷನ್ 2013ರಿಂದ ಭಾಷೆಯ ಒಳಗೇ ಇದೆ. ಒಂದೇ ಸಾಲಿನ ಕೆಲಸ. ಅದನ್ನು ಕಲಿಸದೆ ಹಳೆಯ ಎಂಡಿ5 ವಿಧಾನವನ್ನು ಕಲಿಸಿದರೆ ತಪ್ಪು ಯಾರದು?

ಕಲಿಕೆ ಇಷ್ಟು ಸಡಿಲವಾಗಲು ಭಾಷೆಯ ಸುಲಭತನವೂ ಕಾರಣ. ಆದರೆ ಆ ಸುಲಭತನ ಮಾಡಿದ ಒಳ್ಳೆಯದನ್ನು ಮರೆಯಬಾರದು. 2000ದ ಆಸುಪಾಸಿನಲ್ಲಿ ಬೇರೆ ಭಾಷೆಗಳಲ್ಲಿ ವೆಬ್‌ಸೈಟ್ ನಡೆಸಬೇಕೆಂದರೆ ಸರ್ವರನ್ನು ಸಜ್ಜುಗೊಳಿಸಲು ಬಲ್ಲವರು ಬೇಕಿತ್ತು, ಹಣವೂ ಬೇಕಿತ್ತು. ಪಿಎಚ್‌ಪಿಗೆ ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದು ಜಾಗ ಸಾಕು. ಫೈಲ್ ಬರೆದು ಸರ್ವರಿಗೆ ಏರಿಸಿದರೆ ಮುಗಿಯಿತು, ಪುಟ ತೆರೆಯುತ್ತದೆ. ಅದು ಕೆಲಸ ಮಾಡುವ ಕ್ರಮವೂ ಸರಳ. ಸಂತೆಯಲ್ಲಿ ಗೋಣಿ ಹಾಸಿ ಕೂರುವ ವ್ಯಾಪಾರಿಯ ಹಾಗೆ, ಪ್ರತಿ ಕೋರಿಕೆಗೂ ಹೊಸದಾಗಿ ಎಲ್ಲವನ್ನೂ ಹರಡಿಕೊಂಡು, ಉತ್ತರ ಕೊಟ್ಟ ಕೂಡಲೇ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ. ಒಬ್ಬರ ಪುಟ ತಯಾರಾಗುವಾಗ ಆದ ಎಡವಟ್ಟು ಮುಂದಿನವರಿಗೆ ತಗಲುವುದಿಲ್ಲ. ಬಳಸಿದ ಮೆಮೊರಿಯನ್ನು ಖಾಲಿ ಮಾಡಿದೆನೋ ಇಲ್ಲವೋ ಎಂದು ಹೊಸಬರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಂಪ್ಯೂಟರ್ ವಿಜ್ಞಾನದ ಪಂಡಿತರು ಈ ಭಾಷೆಯ ವ್ಯಾಕರಣವನ್ನು ಬೈಯುವಾಗ, ಈ ಕ್ರಮ ಎಷ್ಟು ಗಟ್ಟಿ ಎಂಬುದನ್ನು ಬಹಳ ಸಲ ಗಮನಿಸುವುದೇ ಇಲ್ಲ.

ಈ ಬಾಗಿಲಿನಿಂದ ಒಳಗೆ ಬಂದವರು ಯಾರು ನೋಡಿ. ವಿಕಿಪೀಡಿಯ 2001ರಲ್ಲಿ ಶುರುವಾದಾಗ ಬೇರೊಂದು ತಂತ್ರಾಂಶದಲ್ಲಿತ್ತು. ಜನ ಹೆಚ್ಚಿದಂತೆ ಅದು ತಡೆಯಲಿಲ್ಲ. ಜರ್ಮನಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದ ಮಾಗ್ನುಸ್ ಮಾನ್‌ಸ್ಕೆ ಎಂಬ ವಿದ್ಯಾರ್ಥಿ ಪಿಎಚ್‌ಪಿಯಲ್ಲಿ ಹೊಸ ತಂತ್ರಾಂಶ ಬರೆದುಕೊಟ್ಟ. 2002ರ ಜನವರಿಯಲ್ಲಿ ವಿಕಿಪೀಡಿಯ ಅದಕ್ಕೆ ಬದಲಾಯಿತು. ಅದೇ ವರ್ಷ ಇನ್ನೊಬ್ಬರು ಅದನ್ನು ಮತ್ತೆ ತಿದ್ದಿ ಬರೆದರು, ಅದೇ ಇಂದಿನ ಮೀಡಿಯಾವಿಕಿ. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ವರ್ಡ್‌ಪ್ರೆಸ್ ಹೊರತಂದಾಗ ಮ್ಯಾಟ್‌ಗೆ 19 ವರ್ಷ. 2004ರಲ್ಲಿ ಹಾರ್ವರ್ಡ್‌ನ ಹಾಸ್ಟೆಲ್ ಕೋಣೆಯಲ್ಲಿ ಫೇಸ್‌ಬುಕ್ ಶುರುವಾದದ್ದೂ ಈ ಭಾಷೆಯಲ್ಲೇ. ಕನ್ನಡಿಗರು ಇಂಟರ್‌ನೆಟ್ಟಿನಲ್ಲಿ ಕನ್ನಡದಲ್ಲೇ ಬರೆಯಲು ಕಲಿಯುತ್ತಿದ್ದ ದಿನಗಳಲ್ಲಿ ನಮಗೆಲ್ಲ ಜಗಲಿಯಾಗಿದ್ದ ‘ಸಂಪದ’ ತಾಣ ಡ್ರುಪಲ್ ಎಂಬ ತಂತ್ರಾಂಶದ ಮೇಲೆ ನಿಂತಿತ್ತು. ಡ್ರುಪಲ್ ಕೂಡ ಪಿಎಚ್‌ಪಿ. ಕನ್ನಡದಂಥ ಭಾಷೆಗಳ ಕೆಲಸ ಹಣವಿಲ್ಲದ, ಉತ್ಸಾಹ ಮಾತ್ರವಿದ್ದ ಜನರಿಂದ ನಡೆಯಿತು. ಅವರ ಕೈಗೆ ಎಟುಕಿದ ಭಾಷೆ ಇದು. ಇದರ ಬಗ್ಗೆ ನನಗೆ ಋಣದ ಭಾವನೆಯಿದೆ, ಅದನ್ನು ಮುಚ್ಚಿಡಲು ಇಷ್ಟವಿಲ್ಲ.

ಋಣವಿದೆಯೆಂದು ಕನ್ನಡದ ಮಟ್ಟಿಗಿನ ದೂರನ್ನು ಬಿಡಲಾರೆ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದರೆ ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ: ಕ, ನ್ನ, ಡ. ಪಿಎಚ್‌ಪಿಯಲ್ಲಿ ಪದದ ಉದ್ದ ಅಳೆಯುವ ಫಂಕ್ಷನ್ನನ್ನು ಕೇಳಿದರೆ ಹದಿನೈದು ಎನ್ನುತ್ತದೆ. ಯೂನಿಕೋಡ್‌ನಲ್ಲಿ ಈ ಪದಕ್ಕೆ ಐದು ಸಂಕೇತಗಳು: ಕ, ನ, ವಿರಾಮ, ಇನ್ನೊಂದು ನ, ಡ. ಒಂದೊಂದಕ್ಕೂ ಮೂರು ಬೈಟ್. ಇದು ಎಣಿಸುವುದು ಬೈಟುಗಳನ್ನು. ಮೊದಲ ನಾಲ್ಕನ್ನು ಕತ್ತರಿಸಿ ಕೊಡು ಎಂದರೆ ‘ಕ’ ಬರುತ್ತದೆ, ಅದರ ಪಕ್ಕದಲ್ಲಿ ‘ನ’ಕಾರದ ಒಂದು ಚೂರು ಬರುತ್ತದೆ; ಆ ಚೂರು ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿಯಾಗಿ ಕಾಣುತ್ತದೆ. ಕನ್ನಡ ಸುದ್ದಿತಾಣಗಳಲ್ಲಿ ಅರ್ಧಕ್ಕೆ ಕತ್ತರಿಸಿದ ತಲೆಬರಹದ ತುದಿಯಲ್ಲಿ ಇಂಥ ಡಬ್ಬಿಯನ್ನು ನೀವೂ ನೋಡಿರುತ್ತೀರಿ. ಬಹುಬೈಟ್ ಅಕ್ಷರಗಳಿಗೆಂದು ಬೇರೆ ಫಂಕ್ಷನ್‌ಗಳಿವೆ, ಅವು ಐದು ಎನ್ನುತ್ತವೆ. ಅವುಗಳಿಂದ ಮೊದಲ ಮೂರನ್ನು ತೆಗೆದರೂ ಸಿಗುವುದು ‘ಕನ್’. ಒತ್ತಕ್ಷರ ಒಡೆದೇ ಹೋಗುತ್ತದೆ. ಇಡೀ ಭಾಷೆಯನ್ನು ಯೂನಿಕೋಡ್ ಮಾಡಬೇಕೆಂದು ಆರನೆಯ ಆವೃತ್ತಿಯ ಕೆಲಸ ಶುರುವಾಗಿತ್ತು. ಅದು ನಿಧಾನವಾಯಿತು, ಜಟಿಲವಾಯಿತು, ಕೊನೆಗೆ 2010ರಲ್ಲಿ ಅದನ್ನು ಕೈಬಿಟ್ಟರು. ಐದರಿಂದ ನೇರ ಏಳಕ್ಕೆ ಹಾರಿದ್ದು ಅದಕ್ಕೇ. ಒತ್ತಕ್ಷರ ಒಡೆಯುವುದು ಜಾವಾಸ್ಕ್ರಿಪ್ಟ್ ಮುಂತಾದ ಬೇರೆ ಭಾಷೆಗಳಲ್ಲೂ ಇದೆ. ಆದರೂ ಬೈಟನ್ನೇ ಅಕ್ಷರವೆಂದು ಎಣಿಸುವ ಫಂಕ್ಷನ್ ಮೊದಲು ಕೈಗೆ ಸಿಗುವುದು ನಮಗೆ ಇಂದಿಗೂ ಆಗುತ್ತಿರುವ ತೊಂದರೆ. ಕನ್ನಡದ ತಾಣ ಕಟ್ಟುವವರು ಅಕ್ಷರ ಎಣಿಸಿ ಕತ್ತರಿಸುವುದನ್ನು ಬಿಟ್ಟು, ಪದ ಮುಗಿದ ಜಾಗ ನೋಡಿ ಕತ್ತರಿಸಿದರೆ ಈ ಗೋಳು ತಪ್ಪುತ್ತದೆ.

ಏಳನೆಯ ಆವೃತ್ತಿಯಿಂದಾಚೆಗಿನ ಪಿಎಚ್‌ಪಿಯ ಕಥೆಯೇ ಬೇರೆ. ಫೇಸ್‌ಬುಕ್ ದೊಡ್ಡದಾದಾಗ ಪಿಎಚ್‌ಪಿಯ ವೇಗ ಅದಕ್ಕೆ ಸಾಲದಾಯಿತು. ಪಿಎಚ್‌ಪಿ ಕೋಡನ್ನು ಸಿ++ಗೆ ಬದಲಾಯಿಸುವ ಹಿಪ್‌ಹಾಪ್ ಎಂಬ ಸಾಧನವನ್ನು ಅವರು 2010ರಲ್ಲಿ ಹೊರತಂದರು, ಆಮೇಲೆ ತಮ್ಮದೇ ಹ್ಯಾಕ್ ಎಂಬ ಭಾಷೆಗೆ ಹೊರಳಿದರು. ಈ ಸ್ಪರ್ಧೆಯ ಬಿಸಿ ಮೂಲ ಪಿಎಚ್‌ಪಿಗೂ ತಟ್ಟಿತು. 2015ರ ಡಿಸೆಂಬರ್‌ನಲ್ಲಿ ಏಳನೆಯ ಆವೃತ್ತಿ ಬಂದಾಗ ವರ್ಡ್‌ಪ್ರೆಸ್‌ನಂಥ ತಂತ್ರಾಂಶಗಳು ಹೆಚ್ಚುಕಡಿಮೆ ಎರಡರಷ್ಟು ವೇಗವಾದವು. ಫಂಕ್ಷನ್ನಿಗೆ ಅಂಕಿ ಬರಬೇಕೋ ಪದ ಬರಬೇಕೋ ಎಂದು ಕಟ್ಟುನಿಟ್ಟಾಗಿ ಹೇಳುವ ಅನುಕೂಲ ಬಂತು. 2012ರಲ್ಲಿ ಶುರುವಾದ ಕಂಪೋಸರ್ ಎಂಬ ಸಾಧನದಿಂದ, ಬೇರೆಯವರು ಬರೆದ ಒಳ್ಳೆಯ ಕೋಡನ್ನು ಆವೃತ್ತಿ ಸಮೇತ ಶಿಸ್ತಾಗಿ ತಂದುಕೊಳ್ಳಬಹುದಾಗಿದೆ. ಸಿಂಫೋನಿ, ಲಾರಾವೆಲ್‌ನಂಥ ಚೌಕಟ್ಟುಗಳಲ್ಲಿ ಬರೆದ ಇಂದಿನ ಕೋಡನ್ನು, 2003ರ ಕೋಡ್ ನೋಡಿ ಮೂಗು ಮುರಿದವರ ಮುಂದಿಟ್ಟರೆ ಇದು ಅದೇ ಭಾಷೆಯೆಂದು ನಂಬಲಾರರು.

2021ರಲ್ಲಿ ಒಂದು ಆಘಾತವೂ ಆಯಿತು. ಆ ವರ್ಷದ ಮಾರ್ಚ್‌ನಲ್ಲಿ ಯಾರೋ ಪಿಎಚ್‌ಪಿಯ ಸ್ವಂತ ಸರ್ವರಿಗೆ, ರಾಸ್ಮಸ್ ಮತ್ತು ಇನ್ನೊಬ್ಬ ಮುಖ್ಯ ಕಾರ್ಯಕರ್ತರ ಹೆಸರಿನಲ್ಲೇ, ಹಿಂಬಾಗಿಲು ತೆರೆಯುವ ಕೋಡ್ ಸೇರಿಸಿದರು. ಬದಲಾವಣೆಗಳನ್ನು ಓದುವ ಕಣ್ಣುಗಳಿದ್ದವು. ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು, ಬಿಡುಗಡೆಯ ಆವೃತ್ತಿಗೆ ಹೋಗಲಿಲ್ಲ. ಮೂಲ ಕೋಡನ್ನು ಗಿಟ್‌ಹಬ್ ತಾಣಕ್ಕೆ ಸಾಗಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಪಿಎಚ್‌ಪಿ ಫೌಂಡೇಶನ್ ಸ್ಥಾಪನೆಯಾಗಿ, ಭಾಷೆಯ ಮೇಲೆ ಕೆಲಸ ಮಾಡುವವರಿಗೆ ಸಂಬಳ ಕೊಡುವ ಏರ್ಪಾಟಾಯಿತು.

ಇಷ್ಟಾದರೂ ಹೆಸರು ಸುಧಾರಿಸದಿರುವುದಕ್ಕೆ ಕಾರಣ ನಮ್ಮ ಊರುಗಳಲ್ಲೇ ಕಾಣುತ್ತದೆ. ಶತಮಾನೋತ್ಸವಕ್ಕೆಂದು ಶಾಲೆಯೊಂದು ವೆಬ್‌ಸೈಟ್ ಮಾಡಿಸಿತು. ಊರಿನ ಹುಡುಗನೇ ವರ್ಡ್‌ಪ್ರೆಸ್‌ನಲ್ಲಿ ಚೆನ್ನಾಗಿ ಮಾಡಿಕೊಟ್ಟ. ಉದ್ಘಾಟನೆಯಾಯಿತು, ಶಾಲು ಹೊದಿಸಿದರು. ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೇ ಆಡಳಿತ ಮಂಡಳಿಗೆ ತಿಳಿಯದು. ವರ್ಷಗಟ್ಟಲೆ ಯಾರೂ ಅಪ್‌ಡೇಟ್ ಮಾಡಲಿಲ್ಲ. ಒಂದು ದಿನ ಶಾಲೆಯ ಹೆಸರು ಹಾಕಿ ಹುಡುಕಿದರೆ ಜಪಾನಿ ಲಿಪಿಯ ಅಂಗಡಿ ಜಾಹೀರಾತುಗಳು ಬರತೊಡಗಿದವು. ಹಳೆಯ ಪ್ಲಗಿನ್ ಒಂದರ ಬಿರುಕಿನಿಂದ ಯಾರೋ ಒಳಗೆ ನುಗ್ಗಿದ್ದರು. ಅಲ್ಲಿಗೆ ಕರೆಸಿದ ತಜ್ಞರು ಕೊಟ್ಟ ತೀರ್ಪು, ‘ಪಿಎಚ್‌ಪಿ ಅಂದ್ರೆ ಹೀಗೇ’ ಎಂದು. ಆ ಸರ್ವರಿನಲ್ಲಿ ಓಡುತ್ತಿದ್ದದ್ದು 5.6. ಅದಕ್ಕೆ ಭದ್ರತೆಯ ತಿದ್ದುಪಡಿಗಳು 2018ರ ಡಿಸೆಂಬರ್ 31ಕ್ಕೇ ನಿಂತುಹೋಗಿದ್ದವು. ಇಂಥ ಕಥೆ ಒಂದೆರಡಲ್ಲ. ಕಟ್ಟಲು ಹಣ ಕೊಡುತ್ತೇವೆ, ನೋಡಿಕೊಳ್ಳಲು ಕೊಡುವುದಿಲ್ಲ. ಯಾವ ಭಾಷೆಯಲ್ಲಿ ಕಟ್ಟಿ ಹೀಗೆ ಬಿಟ್ಟರೂ ಇದೇ ಗತಿ. ಪಿಎಚ್‌ಪಿಯಲ್ಲಿ ಕಟ್ಟಿದವು ಹೆಚ್ಚಿರುವುದರಿಂದ ಕೆಟ್ಟವೂ ಅದರವೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ನನ್ನ ತೀರ್ಮಾನ ಇದು: 2005ಕ್ಕೆ ಮೊದಲು ಪಿಎಚ್‌ಪಿಯನ್ನು ಬೈದವರು ನ್ಯಾಯವಾಗಿಯೇ ಬೈದರು. ಇವತ್ತಿನ ಪಿಎಚ್‌ಪಿಯನ್ನು ಅದೇ ಮಾತುಗಳಲ್ಲಿ ಬೈಯುವವರು ಅದನ್ನು ತೆರೆದು ನೋಡಿಲ್ಲ. ಎಲ್ಲ ಕೆಲಸಕ್ಕೂ ಅದೇ ಸರಿ ಎಂದು ನಾನು ಹೇಳುವುದಿಲ್ಲ. ದತ್ತಾಂಶ ವಿಶ್ಲೇಷಣೆ, ಯಂತ್ರಕಲಿಕೆ ಬೇಕಾದವರು ಪೈಥಾನ್ ಕಲಿಯಿರಿ. ಸಾವಿರಾರು ಜನ ಒಟ್ಟಿಗೆ ಹರಟುವ ಆ್ಯಪ್‌ನಲ್ಲಿ ಸಂಪರ್ಕವನ್ನು ಗಂಟೆಗಟ್ಟಲೆ ತೆರೆದಿಡಬೇಕು. ಅದಕ್ಕೆ ಹೆಚ್ಚು ಹೊಂದುವ ಭಾಷೆಗಳಿವೆ. ಆದರೆ ಪುಟ ತೋರಿಸುವ, ಅರ್ಜಿ ತೆಗೆದುಕೊಳ್ಳುವ, ಲೇಖನ ಪ್ರಕಟಿಸುವ, ಚಿಕ್ಕ ಅಂಗಡಿ ನಡೆಸುವ ವೆಬ್‌ಸೈಟಿಗೆ ಅದು ಇಂದಿಗೂ ಒಳ್ಳೆಯ ಆಯ್ಕೆ. ಅದನ್ನು ಬಲ್ಲವರಿಗೆ ಕೆಲಸವೂ ಇದೆ, ಏಕೆಂದರೆ ಇರುವ ತಾಣಗಳನ್ನು ಯಾರಾದರೂ ನೋಡಿಕೊಳ್ಳಲೇಬೇಕು.

ಕಲಿಯುವ ಗೆಳೆಯರೇ, ಪಿಎಚ್‌ಪಿ ಕಲಿಯುವುದಾದರೆ ಎಂಟನೆಯ ಆವೃತ್ತಿಯಿಂದ ಶುರುಮಾಡಿ, ಅದರ ಅಧಿಕೃತ ಕೈಪಿಡಿಯನ್ನೇ ಓದಿ. ನಿಮ್ಮ ಗುರುಗಳು ಬಳಕೆದಾರನ ಮಾತನ್ನು ಡೇಟಾಬೇಸಿನ ಪ್ರಶ್ನೆಗೆ ನೇರವಾಗಿ ಅಂಟಿಸಲು ಹೇಳಿಕೊಟ್ಟರೆ, ‘ಸಾರ್, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಹೇಳಿಕೊಡಿ’ ಎಂದು ವಿನಯದಿಂದಲೇ ಕೇಳಿ. ಸಂಘ, ಶಾಲೆ, ಪತ್ರಿಕೆ ನಡೆಸುತ್ತಿರುವ ಹಿರಿಯರಲ್ಲಿ ಒಂದು ಕೋರಿಕೆ: ನಿಮ್ಮ ವೆಬ್‌ಸೈಟ್ ಪಿಎಚ್‌ಪಿಯ ಯಾವ ಆವೃತ್ತಿಯಲ್ಲಿ ಓಡುತ್ತಿದೆ, ಬ್ಯಾಕಪ್ ಎಲ್ಲಿದೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಈ ವಾರವೇ ವಿಚಾರಿಸಿ. ಆವೃತ್ತಿ 7.4 ಅಥವಾ ಅದಕ್ಕಿಂತ ಹಳೆಯದಾದರೆ ಕೂಡಲೇ ಬದಲಾಯಿಸಿ. 7.4ಕ್ಕೆ ಭದ್ರತೆಯ ತಿದ್ದುಪಡಿಗಳು 2022ರ ನವೆಂಬರ್‌ನಲ್ಲೇ ನಿಂತಿವೆ.